14416 ಟೆಲಿ ಮಾನಸ್ ಸಹಾಯವಾಣಿ: ತೋಟದ ಕಡೆ ಇರೋರು ಒಂದ್ಸಲ ಓದಿ

ಸಕಲೇಶಪುರ, ಆಲೂರು, ಬೇಲೂರು ಕಡೆ ತೋಟದಲ್ಲಿ ಇರೋರಿಗೆ ಗೊತ್ತಿರ್ಲಿ ಅಂತ ಈ ರಿವ್ಯೂ ಬರೀತಿದೀನಿ. ಟೆಲಿ ಮಾನಸ್ ಅಂದ್ರೆ ಮನಸ್ಸಿನ ಕಷ್ಟಕ್ಕೆ ಫೋನಲ್ಲಿ ಸಹಾಯ ಮಾಡೋ ಸರ್ಕಾರದ ಸಹಾಯವಾಣಿ, 2022ರ ಅಕ್ಟೋಬರ್ 10ಕ್ಕೆ ಶುರುವಾಗಿದ್ದು, ಬೆಂಗಳೂರಿನ ನಿಮ್ಹಾನ್ಸ್‌ನೋರು ಮುಂದೆ ನಿಂತು ನೋಡ್ಕೊಳ್ತಾರೆ, 24 ಗಂಟೆನೂ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ನಮ್ಮ ಯಜಮಾನ್ರು ಕೆಲ್ಸ ಮಾಡೋ ತೋಟದಲ್ಲಿ ಹಲಸಿನ ಕಾಲದಲ್ಲಿ ಒಂಟಿ ಸಲಗ ಬಂದು ಜೊತೇಲಿದ್ದೋರನ್ನ ಇವರ ಕಣ್ಣೆದುರಿಗೇ ತುಳೀತು. ಇವರಿಗೆ ಮೈಮೇಲೆ ಒಂದು ಗೀರೂ ಇರ್ಲಿಲ್ಲ, ಅದಕ್ಕೇ ಬಂದೋರೆಲ್ಲ ನಿನ್ ಪುಣ್ಯ ದೊಡ್ದು, ಮರ್ತುಬಿಡು ಮಾರಾಯ ಅಂದ್ಬಿಟ್ಟು ಕಾಫಿ ಕುಡಿದು ಹೋದ್ರು. ಎಲ್ಲಿ ಮರೆಯೋದು, ಪಕ್ಕದ ಮನೇಲಿ ಹಲಸಿನ ಹಣ್ಣು ಬಿಡಿಸಿದ ವಾಸನೆ ಬಂದ್ರೆ ಸಾಕು ಅರ್ಧ ಊಟಕ್ಕೆ ಎದ್ದು ಬಾಗಿಲ ಚಿಲಕ ಮುಟ್ಟಿ ನೋಡಿ ಬರೋರು, ಒಣಗಿದ ರೆಂಬೆ ಮುರಿದ ಸದ್ದಾದ್ರೆ ನಿಂತಲ್ಲೇ ಬೆವರು, ರಾತ್ರಿ ನಿದ್ದೇಲಿ ಆ ಸತ್ತೋರ ಹೆಸರು ಹಿಡಿದು ಕೂಗೋರು. ಒಂದು ಪ್ರೈವೇಟ್ ಕ್ಲಿನಿಕ್‌ಗೆ ಕರ್ಕೊಂಡು ಹೋದ್ರೆ ಏನಾಯ್ತು ಅಂತನೂ ಕೇಳ್ದೆ ನಿದ್ದೆ ಮಾತ್ರೆ ಬರೆದು ಕಳಿಸಿದ್ರು.

14416ಕ್ಕೆ ಮೊದ್ಲು ಫೋನ್ ಮಾಡಿದ್ದು ನಾನೇ. ಮನೆಯೋರು ಮಾಡಿದ್ರೂ ಮಾತಾಡ್ತಾರೆ. ಫೋನ್ ಎತ್ತಿದ ಹೆಣ್ಮಗಳು ಅವಸರ ಮಾಡ್ಲಿಲ್ಲ, ಎಷ್ಟು ದಿನದಿಂದ ಹೀಗಿದೆ ಅಂತ ಕೇಳಿ, ಒಂದು ತಿಂಗಳು ದಾಟಿದ್ರೆ ತಾನಾಗೇ ಹೋಗುತ್ತೆ ಅಂತ ಕೂರ್ಬೇಡಿ, ಡಾಕ್ಟರಿಗೆ ತೋರಿಸ್ಬೇಕು ಅಂದ್ರು. ಮರೀರಿ ಅಂತ ಹೇಳ್ಬೇಡಿ, ಅವರಾಗಿ ಹೇಳ್ದಾಗ ಕೇಳಿಸ್ಕೊಳ್ಳಿ, ಹೇಳು ಹೇಳು ಅಂತ ಬಲವಂತನೂ ಮಾಡ್ಬೇಡಿ ಅಂದ್ರಲ್ಲ, ನನಗೆ ಅದೇ ದೊಡ್ಡ ಉಪಕಾರ ಆಯ್ತು. ಮರೀರಿ ಅಂದ್ರೆ ಯಾಕೆ ಮರೆಯಲ್ಲ ಅಂತ ಆಮೇಲೆ ಮಗಳು ಓದಿ ಹೇಳಿದ್ಲು, 1987ರಲ್ಲಿ ಅಮೆರಿಕದ ಡ್ಯಾನಿಯಲ್ ವೆಗ್ನರ್ ಅನ್ನೋ ಮನಶ್ಶಾಸ್ತ್ರಜ್ಞರು ಬಿಳಿ ಕರಡಿ ಬಗ್ಗೆ ಯೋಚ್ನೆ ಮಾಡ್ಬೇಡಿ ಅಂತ ಜನಕ್ಕೆ ಹೇಳಿ ಪರೀಕ್ಷೆ ಮಾಡಿದ್ರಂತೆ, ಬೇಡ ಅಂದಷ್ಟೂ ಅದೇ ಬರ್ತಿತ್ತಂತೆ.

ಭಯ ಬಂದಾಗ ಮಾಡೋಕೆ ಒಂದು ಉಪಾಯನೂ ಹೇಳ್ಕೊಟ್ರು. ಕಣ್ಣಿಗೆ ಕಾಣೋ ಐದು ವಸ್ತು ಹೆಸರು ಹೇಳೋದು, ಮುಟ್ಟೋಕೆ ಸಿಗೋ ನಾಲ್ಕು, ಕಿವಿಗೆ ಬೀಳೋ ಮೂರು ಸದ್ದು, ಹಂಗೇ ಲೆಕ್ಕ ಒಂದರವರೆಗೆ ಇಳಿಸ್ತಾ ಹೋಗೋದು. ನಮ್ಮೋರು ಕಣದ ಕಟ್ಟೆ ಮೇಲೆ ಕೂತು ಗೋಣಿಚೀಲ, ಗೊರಬಲು, ತಂತಿಬೇಲಿ ಅಂತ ಒಂದೊಂದೇ ಹೇಳ್ತಾ ಉಸಿರು ಹತೋಟಿಗೆ ತಂದ್ಕೊಳ್ಳೋದನ್ನ ನಾನೇ ನೋಡಿದೀನಿ.

ಫೋನಲ್ಲೇ ಎಲ್ಲಾ ಮುಗಿಯಲ್ಲ, ಅವರೇ ಹಾಸನದ ಹಿಮ್ಸ್ ಆಸ್ಪತ್ರೆ ಮನೋವೈದ್ಯ ವಿಭಾಗಕ್ಕೆ ಹೋಗಿ ಅಂದ್ರು. ಅಲ್ಲಿ ಆ ದಿನದ್ದು ಮೊದಲಿಂದ ಕೊನೆವರೆಗೂ ನಿಧಾನಕ್ಕೆ ಹೇಳಿಸ್ತಾರೆ, ಭಯ ಕಮ್ಮಿ ಇರೋ ಜಾಗದಿಂದ ಶುರು ಮಾಡ್ಸಿ ಹಗಲೊತ್ತು ಜೊತೇಲಿ ಒಬ್ಬರನ್ನ ಇಟ್ಕೊಂಡು ತೋಟದ ಗೇಟ್‌ವರೆಗೆ, ಆಮೇಲೆ ಒಳಗೆ, ಹಿಂಗೆ. ನನಗಿದ್ದ ಅನುಮಾನ ಏನಂದ್ರೆ ಆನೆ ಈಗ್ಲೂ ಬರುತ್ತಲ್ಲ, ಇದು ಬರೀ ಹಳೇ ನೆನಪಲ್ಲ, ಭಯ ಬಿಡಿ ಅಂದ್ರೆ ಜೀವಕ್ಕೇ ಕುತ್ತು. ಕೇಳ್ದೆ. ಅದಕ್ಕೆ ಭಯ ಬಿಡಿ ಅಂತ ಯಾರೂ ಹೇಳ್ಲಿಲ್ಲ. ಬೆಳಗ್ಗೆ ಅರಣ್ಯ ಇಲಾಖೆಯೋರ ಮೆಸೇಜ್ ನೋಡಿ, ಆನೆ ಈ ಕಡೆ ಇದ್ರೆ ಮನೇಲಿರಿ, ಇಲ್ಲ ಅಂದ್ರೆ ಹೋಗಿ, ಆ ದಿನ ಬೇರೆ ಈ ದಿನ ಬೇರೆ ಅಂತ ಅವರ ಮನಸ್ಸಿಗೆ ಗೊತ್ತಾಗ್ಬೇಕು ಅಂದ್ರು. ನೆನಪು ಹೋಗಿಲ್ಲ, ಸತ್ತೋರ ಮನೆಗೆ ಹೋದಾಗ ಈಗ್ಲೂ ಕಣ್ಣಲ್ಲಿ ನೀರು ಬರುತ್ತೆ, ಆದ್ರೆ ತೋಟದ ಕೆಲ್ಸಕ್ಕೆ ಹೋಗ್ತಿದಾರೆ, ನಿದ್ದೆ ಬರ್ತಿದೆ.

ನನ್ ಕಡೆಯಿಂದ ಐದಕ್ಕೆ ಐದು. ತೋಟದೊಳಗೆ ಸಿಗ್ನಲ್ ಇರಲ್ಲ, ರೋಡಿಗೆ ಬಂದು ಮಾಡಿ. ಸಾಯೋ ಯೋಚ್ನೆ ಬರ್ತಿದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ರಾತ್ರಿನೇ ಮಾಡಿ, ಎತ್ತುತ್ತಾರೆ.