ಜಾಝ್‌ಗೊಂದು, ಚೇಂಬರ್‌ಗೊಂದು: ಆಲ್ಟೋ ಸ್ಯಾಕ್ಸೋಫೋನಿನ ಮೂರು ಮೌತ್‌ಪೀಸ್‌ಗಳು

ಮಂಜೇಶ್ವರದಿಂದ ಕಾಸರಗೋಡಿನವರೆಗೆ ಸ್ಯಾಕ್ಸೋಫೋನ್ ಹೊರಗಿನ ವಾದ್ಯವೇನಲ್ಲ. ಮದುವೆ ಚಪ್ಪರದಲ್ಲೂ ದೇವಸ್ಥಾನದ ಉತ್ಸವದಲ್ಲೂ ಅದರ ದನಿ ಕೇಳುತ್ತಲೇ ಇರುತ್ತದೆ. ಅದರಲ್ಲಿ ಕರ್ನಾಟಕ ಸಂಗೀತವನ್ನು ನೆಲೆಗೊಳಿಸಿದ ಕದ್ರಿ ಗೋಪಾಲನಾಥರೇ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಅವರೊಂದಿಗೆ 2008ರ ‘ಕಿನ್ಸ್‌ಮೆನ್’ ಆಲ್ಬಮ್‌ನಲ್ಲಿ ನುಡಿಸಿದರು. ಆ ದಾರಿಯಲ್ಲಿ ಮುಂದೆ ಹೋಗಿ ಜಾಝ್ ಜತೆಗೆ ಪಾಶ್ಚಾತ್ಯ ಚೇಂಬರ್ ಸಂಗೀತವನ್ನೂ (ಕೆಲವೇ ವಾದಕರ ಚಿಕ್ಕ ಮೇಳದ ಶಾಸ್ತ್ರೀಯ ಸಂಗೀತ) ಕಲಿಯಬೇಕೆನ್ನುವವರಿಗೆ ಎರಡು ವಾದ್ಯ ಬೇಕಿಲ್ಲ. ಯಮಹಾ ವೈಎಎಸ್-280ರಂಥ ಕಲಿಕೆಯ ಆಲ್ಟೋ ಒಂದಿದ್ದರೂ ಸಾಕು. ಬದಲಾಗಬೇಕಾದ್ದು ಮೌತ್‌ಪೀಸು (ಬಾಯಿಗಿಟ್ಟು ಊದುವ ತುಂಡು), ರೀಡು (ಅದಕ್ಕೆ ಕಟ್ಟುವ, ಕಂಪಿಸಿ ನಾದ ಹುಟ್ಟಿಸುವ ತೆಳು ಪಟ್ಟಿ), ಬಾಯಿಯ ಹಿಡಿತ.

ಯಾಕೆ ಬದಲಾಗಬೇಕು ಎನ್ನುವುದು ಕೃತಿಗಳಿಂದಲೇ ಗೊತ್ತಾಗುತ್ತದೆ. ರಷ್ಯಾದ ಸಂಗೀತ ರಚನಕಾರ ಗ್ಲಾಜುನೊವ್ 1932ರಲ್ಲಿ ಬರೆದ ಸ್ಯಾಕ್ಸೋಫೋನ್ ಕ್ವಾರ್ಟೆಟ್‌ನಲ್ಲಿ ಸೊಪ್ರಾನೊ, ಆಲ್ಟೋ, ಟೆನರ್, ಬ್ಯಾರಿಟೋನ್ ನಾಲ್ಕೂ ಒಂದೇ ಉಸಿರಿನಂತೆ ಕೇಳಬೇಕು. ನಡೆಸುವವರು ಇಲ್ಲ, ಮೈಕ್ ಇಲ್ಲ. ಆಲ್ಟೋ ಒಂದು ಎಳೆ ಹರಿತವಾದರೂ ಹೆಣಿಗೆ ಹರಿಯುತ್ತದೆ. ಜಾಝ್ ತಂಡದಲ್ಲಿ ಡ್ರಮ್ಸ್, ಬಾಸ್, ಪಿಯಾನೋ ನಡುವೆ ನಿಂತಾಗ ಆ ಹರಿತವೇ ಬೇಕು. ಬ್ರ್ಯಾನ್‌ಫರ್ಡ್ ಮಾರ್ಸಾಲಿಸ್ ಜಾಝ್ ವಾದಕರೆಂದೇ ಹೆಸರಾದವರು. ಆದರೆ ಆರ್ಫಿಯಸ್ ಚೇಂಬರ್ ಆರ್ಕೆಸ್ಟ್ರಾ ಜತೆ 2001ರಲ್ಲಿ ಬಂದ ಅವರ ‘ಕ್ರಿಯೇಶನ್’ ಆಲ್ಬಮ್ ಕೇಳಿ, ಆಮೇಲೆ ಅವರ ಕ್ವಾರ್ಟೆಟ್‌ನ ಜಾಝ್ ಕೇಳಿ. ನಾದದ ಅಂಚು ಎಷ್ಟು ಬೇರೆ ಎನ್ನುವುದು ಕಿವಿಗೆ ತಾನಾಗಿ ಹತ್ತುತ್ತದೆ.

ಮೊದಲು ಯಮಹಾ 4ಸಿ. ವೈಎಎಸ್-280 ಪೆಟ್ಟಿಗೆಯಲ್ಲೇ ಬರುತ್ತದೆ. ತುದಿಯ ತೆರಪು, ಅಂದರೆ ರೀಡಿನ ತುದಿಗೂ ಮೌತ್‌ಪೀಸಿನ ತುದಿಗೂ ನಡುವಿನ ಸಂದು, 1.60 ಮಿಲಿಮೀಟರ್. ಎರಡೂವರೆ ನಂಬರಿನ ರೀಡ್ (ನಂಬರು ಏರಿದಷ್ಟೂ ರೀಡ್ ಗಟ್ಟಿ) ಹಾಕಿದರೆ ಮಂದ್ರದ ಸ್ವರಗಳೂ ತಡವರಿಸದೆ ಬರುತ್ತವೆ, ಶ್ರುತಿ ನಂಬಿಗಸ್ತ. ಕ್ವಾರ್ಟೆಟ್ ಅಭ್ಯಾಸಕ್ಕೆ ಮೊದಲ ವರ್ಷ ಇದೇ ಧಾರಾಳ ಸಾಕು. ಜಾಝ್‌ಗೆ ಮಾತ್ರ ಇದು ಒಗ್ಗುವುದಿಲ್ಲ. ಜೋರಾಗಿ ಊದಿದರೆ ಒಂದು ಹಂತದ ಮೇಲೆ ದನಿ ಹಿಗ್ಗುವುದೇ ಇಲ್ಲ, ಗಂಟಲು ಕಟ್ಟಿದಂತಾಗುತ್ತದೆ.

ಸೆಲ್ಮರ್ ಎಸ್80 ಸಿ-ಸ್ಟಾರ್ ಚೇಂಬರ್ ವಾದಕರ ಹಳೆಯ ಆಯ್ಕೆ. ತೆರಪು 1.70 ಮಿಲಿಮೀಟರ್, ಒಳಗಿನ ಕೋಣೆ ಚೌಕಾಕಾರ, ಮೈ ಗಟ್ಟಿ ರಬ್ಬರಿನದು. ವ್ಯಾಂಡೊರೆನ್ ನೀಲಿ ಡಬ್ಬಿಯ 3ನೇ ನಂಬರಿನ ರೀಡ್ ಇದಕ್ಕೆ ಸರಿಹೊಂದುತ್ತದೆ. ಇದರ ನಿಜವಾದ ಗುಣ ತೀರಾ ಮೆಲ್ಲಗೆ ಸ್ವರ ಎತ್ತುವಾಗ ತಿಳಿಯುತ್ತದೆ: ಉಸಿರು ತಾಗಿದ ಕೂಡಲೇ ಸ್ವರ ಶುರು, ಮುಂಚೆ ಗಾಳಿಯ ಸದ್ದಿಲ್ಲ. ಫ್ರೆಂಚ್ ರಚನಕಾರ ಇಬೇರ್ 1935ರಲ್ಲಿ ಆಲ್ಟೋ ಮತ್ತು 11 ವಾದ್ಯಗಳಿಗೆ ಬರೆದ ಕೃತಿಯ ನಿಧಾನಗತಿಯ ಭಾಗಕ್ಕೆ ಬೇಕಾದ್ದು ಇದೇ.

ಮೇಯರ್ 5, ಮೀಡಿಯಮ್ ಚೇಂಬರ್ (ಇಲ್ಲಿ ಚೇಂಬರ್ ಎಂದರೆ ಮೌತ್‌ಪೀಸಿನ ಒಳಕೋಣೆ), ಜಾಝ್‌ಗೆ. ತೆರಪು 0.071 ಇಂಚು, ಅಂದರೆ ಸುಮಾರು 1.80 ಮಿಲಿಮೀಟರ್. ವ್ಯಾಂಡೊರೆನ್‌ನದೇ ಜಾವಾ ಹಸಿರು ಡಬ್ಬಿಯ ಎರಡೂವರೆ ನಂಬರಿನ ರೀಡ್ ಹಾಕಿ. ದನಿ ಉಜ್ವಲ, ಆದರೆ ಚುಚ್ಚುವುದಿಲ್ಲ. ಸ್ವರವನ್ನು ಜಾರಿಸಲು, ಬಗ್ಗಿಸಲು ಬೇಕಾದಷ್ಟು ಜಾಗವಿದೆ. ಗಮಕ ಅಭ್ಯಾಸವಿರುವ ನಮ್ಮ ವಾದಕರಿಗೆ ಇದು ಬೇಗ ಕೈಗೆ ಹತ್ತುತ್ತದೆ, ದವಡೆ ಮತ್ತು ಗಂಟಲಿನ ಆ ಸಡಿಲ ಅವರಿಗೆ ಮೊದಲೇ ಗೊತ್ತಿರುತ್ತದೆ. ಬಯಲಿನಲ್ಲಿ ಊದುವ ರೂಢಿಯಿಂದ ಮೇಯರ್ 7, 8ನೇ ನಂಬರಿಗೆ ಒಮ್ಮೆಲೇ ಹಾರಬೇಡಿ. ತೆರಪು ಹಿಗ್ಗಿದಷ್ಟೂ ಉಸಿರು ಹೆಚ್ಚು ಖರ್ಚು, ತಾರದಲ್ಲಿ ಶ್ರುತಿ ಕೈತಪ್ಪುತ್ತದೆ.

ತೊಡಕು ಬರುವುದು ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ. ಎರಡೂ ಮೌತ್‌ಪೀಸು ವಾದ್ಯದ ಕತ್ತಿನ ಕಾರ್ಕಿನ ಮೇಲೆ ಒಂದೇ ಜಾಗದಲ್ಲಿ ಶ್ರುತಿಗೆ ಕೂರುವುದಿಲ್ಲ. ಒಳಕೋಣೆ ದೊಡ್ಡದಾದಷ್ಟೂ ಶ್ರುತಿ ಇಳಿಯುತ್ತದೆ, ಅಷ್ಟು ಒಳಕ್ಕೆ ತಳ್ಳಬೇಕು. ಟ್ಯೂನರ್ ಎದುರಿಟ್ಟು, ವಾದ್ಯ ಹತ್ತು ನಿಮಿಷ ಊದಿ ಬೆಚ್ಚಗಾದ ಮೇಲೆ ಎರಡಕ್ಕೂ ಬೇರೆ ಬೇರೆ ಪೆನ್ಸಿಲ್ ಗೆರೆ ಹಾಕಿಡಿ. ಬುಡದ ರಂಧ್ರದ ಅಳತೆಯೂ ಬೇರೆ. ಬಿಗಿಯಾದದ್ದನ್ನು ತುರುಕಿದರೆ ಕಾರ್ಕ್ ಅಮುಕಿಹೋಗಿ, ಸಡಿಲದ್ದು ಗಾಳಿ ಬಿಡುತ್ತದೆ. ಆಗ ಮೊದಲು ಕೈಕೊಡುವುದು ಕೆಳಗಿನ ಸಿ, ಬಿ ಸ್ವರಗಳು. ತಾತ್ಕಾಲಿಕವಾಗಿ ನಲ್ಲಿಗೆ ಸುತ್ತುವ ಬಿಳಿ ಟೇಪ್ ಎರಡು ಸುತ್ತು ಸುತ್ತಿದರೆ ನಡೆಯುತ್ತದೆ, ಶಾಶ್ವತಕ್ಕೆ ಹೊಸ ಕಾರ್ಕ್ ಅಂಟಿಸಬೇಕು.

ಬಾಯಿಯ ಹಿಡಿತ ಪರೀಕ್ಷಿಸಲು ಮೌತ್‌ಪೀಸನ್ನು ಮಾತ್ರ ಊದಿ. ಚೇಂಬರ್ ಹಿಡಿತದಲ್ಲಿ ಪಿಯಾನೋದ ಎ, 880 ಹರ್ಟ್ಜ್ ಬರಬೇಕು. ಜಾಝ್‌ನಲ್ಲಿ ಕೆಳತುಟಿ ಹೊರಗೆ, ಗದ್ದ ಸಡಿಲ. ಸ್ವರ ಅದಕ್ಕಿಂತ ಕೆಳಗೆ, ಜಿ ಆಸುಪಾಸು ಇಳಿಯಬೇಕು. ಎರಡರಲ್ಲೂ ಎ ಬರುತ್ತಿದ್ದರೆ ನೀವು ಮೇಯರನ್ನೂ ಸಿ-ಸ್ಟಾರ್‌ನಂತೆ ಕಚ್ಚುತ್ತಿದ್ದೀರಿ, ದನಿ ಬಡಕಲಾಗುವುದು ಅದರಿಂದ. ವೈಬ್ರಾಟೋ, ಅಂದರೆ ಸ್ವರದ ಅಲೆಯಾಟ, ಕೂಡ ಹಾಗೆ. ಚೇಂಬರ್‌ಗೆ ಮೆಟ್ರೋನೋಮ್ 72ಕ್ಕಿಟ್ಟು ಬಡಿತಕ್ಕೆ 4 ಅಲೆ ಅಭ್ಯಾಸ ಮಾಡಿ. ಜಾಝ್‌ನಲ್ಲಿ ಸ್ವರವನ್ನು ನೇರ ಹಿಡಿದು ಕೊನೆಯಲ್ಲಷ್ಟೇ ಅಲೆಯಾಡಿಸಿ.

ಸಿ-ಸ್ಟಾರ್, ಮೇಯರ್ ಎರಡೂ 4ಸಿಗಿಂತ ಹಲವು ಪಟ್ಟು ದುಬಾರಿ. ಒಂದಕ್ಕೇ ದುಡ್ಡಿದ್ದರೆ ಮೇಯರ್ ಮೊದಲು ಕೊಳ್ಳಿ, ಚೇಂಬರ್‌ಗೆ 4ಸಿ ಇದ್ದೇ ಇದೆ. ಆನ್‌ಲೈನಿನಲ್ಲಿ ತರಿಸಿದ್ದಾದರೆ ತುದಿಯಲ್ಲಿ ಉಗುರಿಗೆ ತಾಗುವ ಚೂರೂ ಒಡಕಿಲ್ಲವೇ ನೋಡಿ. ಒದ್ದೆ ರೀಡ್ ಕಟ್ಟಿ, ಬುಡವನ್ನು ಅಂಗೈಯಿಂದ ಮುಚ್ಚಿ ಗಾಳಿ ಎಳೆಯಿರಿ. ಬಾಯಿ ತೆಗೆದ ಮೇಲೂ ರೀಡ್ ಒಂದೆರಡು ಸೆಕೆಂಡ್ ಅಂಟಿಕೊಂಡಿದ್ದು ‘ಟಪ್’ ಎಂದು ಬಿಟ್ಟರೆ ಸರಿ. ಎಷ್ಟು ರೀಡ್ ಬದಲಿಸಿದರೂ ಅಂಟದಿದ್ದರೆ ಮೌತ್‌ಪೀಸಿನ ಮೇಜು (ರೀಡ್ ಕೂರುವ ಚಪ್ಪಟೆ ಭಾಗ) ಸಮವಾಗಿಲ್ಲ, ವಾಪಸು ಕಳಿಸಿ.

ಇನ್ನು ನಮ್ಮ ಮಳೆಗಾಲ. ಜೂನ್ ಬಂತೆಂದರೆ ರೀಡಿನ ಬುಡಕ್ಕೆ ಕಪ್ಪು ಚುಕ್ಕೆ, ಬೂಷ್ಟು. ಊದಿ ಮುಗಿದ ಮೇಲೆ ರೀಡನ್ನು ಮೌತ್‌ಪೀಸಿನಲ್ಲೇ ಬಿಡದೆ, ಒರಸಿ ಗಾಜಿನ ಮೇಲೆ ಚಪ್ಪಟೆಯಾಗಿ ಒಣಗಿಸಿ, ನಾಲ್ಕು ರೀಡ್ ಸರದಿಯಲ್ಲಿ ಬಳಸಿ. ಗಟ್ಟಿ ರಬ್ಬರಿನ ಮೌತ್‌ಪೀಸಿಗೆ ಬಿಸಿನೀರು, ಬಿಸಿಲು ಎರಡೂ ಬೇಡ. ಬಣ್ಣ ಹಸಿರುಗಂದಾಗಿ ಗಂಧಕದ ವಾಸನೆ ಏಳುತ್ತದೆ. ತೇವಕ್ಕೆ ಜಿ-ಶಾರ್ಪ್ ಪ್ಯಾಡ್ ಅಂಟಿ ಕೀಲಿ ಏಳದಿದ್ದರೆ ಪೌಡರ್ ಹಾಕಬೇಡಿ, ತೆಳು ಕಾಗದ ಇಟ್ಟು ಮೆಲ್ಲಗೆ ಒತ್ತಿ ತೇವ ಹೀರಿಸಿ.