ಚಿರೋಟಿಯನ್ನು ಎರಡು ಸಲ ವಾಪಸ್ ಕಳಿಸಿದ ಕ್ಲಿನಿಕ್ಕು

ನಮ್ಮ ಗಂಡು ನಾಯಿಗೆ ಬೀಜ ತೆಗೆಯೋ ಆಪರೇಷನ್ ಮಾಡಿದ ಕ್ಲಿನಿಕ್ಕಿಗೆ ಐದಕ್ಕೆ ನಾಲ್ಕು ಸ್ಟಾರ್.

ನಾನು ಮೈಸೂರಿನ ಕುವೆಂಪುನಗರದಲ್ಲಿ ಮನೆ ಮುಂದಿನ ರೂಮಿನಲ್ಲೇ ಬ್ಲೌಸ್ ಹೊಲಿಯುವವಳು. ಹದಿನೆಂಟು ವರ್ಷದಿಂದ ಇದೇ ಕೆಲಸ. ನಾಯಿ ಡಾಕ್ಟರ ಬಗ್ಗೆ ಬರೆಯೋಕೆ ಇವಳಿಗೇನು ಗೊತ್ತು ಅಂತ ಕೇಳಬಹುದು. ನಾಯಿ ವಿಷಯ ನನಗೂ ಹೋದ ವರ್ಷದ ತನಕ ಏನೂ ಗೊತ್ತಿರಲಿಲ್ಲ. ಆದರೆ ಹೊಲಿಗೆ ನೋಡಿದರೆ ಹೊಲಿದವರ ತಾಳ್ಮೆ ಎಷ್ಟು ಅಂತ ಹೇಳಬಲ್ಲೆ. ಆ ವಿಷಯಕ್ಕೆ ಆಮೇಲೆ ಬರ್ತೀನಿ.

ನಮ್ಮ ನಾಯಿ ಹೆಸರು ಚಿರೋಟಿ. ಬೆಳ್ಳಗೆ, ಪದರ ಪದರ ಕೂದಲು, ಮುಟ್ಟಿದರೆ ಪುಡಿಯಾಗಿಬಿಡುತ್ತೇನೋ ಅನ್ನೋ ಹಾಗಿದ್ದ. ಹುಣಸೂರಿನ ನೆಂಟರ ಮನೆಯಿಂದ ನಲವತ್ತೈದು ದಿನದ ಮರಿಯಾಗಿ ತಂದಾಗ ‘ಪಮೇರಿಯನ್’ ಅಂತ ಹೇಳಿ ಕೊಟ್ಟಿದ್ದರು. ಡಾಕ್ಟ್ರು ಮೊದಲನೇ ದಿನವೇ ನಕ್ಕರು. "ಇದು ಇಂಡಿಯನ್ ಸ್ಪಿಟ್ಜ್ ಅಮ್ಮ. ನಮ್ಮೂರಲ್ಲಿ ಎಲ್ಲರೂ ಪಾಮ್ ಅಂತಾನೇ ಕರೆಯೋದು. ನಿಜವಾದ ಪಾಮ್ ಇದರ ಅರ್ಧ ಇರುತ್ತೆ." ಈಗ ಅವನ ತೂಕ ಆರು ಕಿಲೋ ಚಿಲ್ಲರೆ.

ಕ್ಲಿನಿಕ್ಕಿನ ಹೆಸರು ಬರೆಯುತ್ತಿಲ್ಲ. ಡಾಕ್ಟರಮ್ಮನೇ ಬೇಡ ಅಂದರು. ಇರುವುದು ಅವರೊಬ್ಬರು, ಕಾಂಪೌಂಡರ್ ಹುಡುಗ ಒಬ್ಬ. ದಿನಕ್ಕೆ ಎರಡು ಆಪರೇಷನ್ ಬಿಟ್ಟು ಮೂರನೆಯದು ಮಾಡಲ್ಲ. ಸರಸ್ವತಿಪುರಂ ಕಡೆ ಓಡಾಡುವವರಿಗೆ ಇಷ್ಟರಲ್ಲೇ ಅರ್ಥವಾಗಿರಬೇಕು.

ಅಲ್ಲಿಗೆ ಹೋಗೋಕೆ ಮುಂಚೆ ಇನ್ನೊಂದು ಕಡೆ ಹೋಗಿದ್ದೆ. ದೊಡ್ಡ ಗಾಜಿನ ಬಾಗಿಲು, ಎ.ಸಿ., ಕೌಂಟರಿನಲ್ಲಿ ಟೈ ಕಟ್ಟಿದ ಹುಡುಗ. ಚಿರೋಟಿಗೆ ಆಗ ನಾಲ್ಕು ತಿಂಗಳು. ಲಸಿಕೆ ಹಾಕಿಸೋಕೆ ಹೋದವಳಿಗೆ "ಮೇಡಂ, ನ್ಯೂಟರಿಂಗ್ ಪ್ಯಾಕೇಜ್ ಈ ತಿಂಗಳು ಆಫರಲ್ಲಿದೆ, 4,999, ಚಿಕ್ಕದಿದ್ದಾಗಲೇ ಮಾಡಿಸಿಬಿಡಿ" ಅಂದರು. ನ್ಯೂಟರಿಂಗ್ ಅಂದರೆ ಬೀಜ ತೆಗೆಯೋ ಆಪರೇಷನ್. ಒಳಗಿದ್ದ ಡಾಕ್ಟ್ರೂ ಹೂಂ ಅಂದರು. ಇಬ್ಬರೂ ನಾಯಿಯನ್ನ ತಿರುಗಿಸಿ ನೋಡಲಿಲ್ಲ. ನನ್ನ ಹತ್ತಿರ ಬಂದು ಯಾರಾದರೂ ಅಳತೆ ಬ್ಲೌಸ್ ಇಲ್ಲದೆ "ಹೊಲಿದುಬಿಡಿ" ಅಂದರೆ ನಾನು ಕತ್ತರಿ ಮುಟ್ಟಲ್ಲ.

ಮನೆಯಲ್ಲಿ ಇನ್ನೊಂದು ರಗಳೆ. ನಮ್ಮತ್ತೆ ಟಿ. ನರಸೀಪುರದ ಕಡೆಯವರು, ಹೋರಿಗೆ ಬೀಜ ಒಡೆಸೋದನ್ನ ಕಣ್ಣಾರೆ ಕಂಡವರು. ಇಕ್ಕಳ ಹಾಕಿ ಹಿಸುಕಿದಾಗ ಹೋರಿ ಕೂಗಿದ ಕೂಗು ಇವತ್ತಿಗೂ ಅವರ ಕಿವಿಯಲ್ಲಿದೆ. "ಗಂಡು ಜೀವ ಕಣಮ್ಮಿ. ಅದೇನು ಗಾಡಿ ಎಳೀಬೇಕಾ, ಹೊಲ ಉಳಬೇಕಾ? ಯಾಕಮ್ಮಿ ಒಡೆಸ್ತೀಯ?" ಪಕ್ಕದ ಮನೆಯ ಮೇಷ್ಟ್ರು ಲ್ಯಾಬ್ರಡಾರ್ ಸಾಕಿದ್ದಾರೆ, ಅವರದು ಬೇರೆ ರಾಗ. "ಎರಡು ವರ್ಷ ಮುಟ್ಟಿಸಲೇಬೇಡಿ, ಕೀಲು ಹಾಳಾಗುತ್ತೆ." ಒಂದು ಕಡೆ ನಾಲ್ಕು ತಿಂಗಳು, ಇನ್ನೊಂದು ಕಡೆ ಎರಡು ವರ್ಷ, ಅತ್ತೆಯದು ಯಾವತ್ತಿಗೂ ಬೇಡ.

ಈ ತಲೆನೋವು ಹೊತ್ತುಕೊಂಡೇ ಜೂನ್ ಕೊನೆಯಲ್ಲಿ ಸರಸ್ವತಿಪುರಂಗೆ ಹೋದದ್ದು. ಡಾಕ್ಟ್ರು ಮಾತಾಡೋಕೆ ಮುಂಚೆ ಚಿರೋಟಿಯನ್ನ ತೂಕಕ್ಕೆ ಹಾಕಿದರು, ಬಾಯಿ ಬಿಡಿಸಿ ಹಲ್ಲು ನೋಡಿದರು, ಹಿಂಗಾಲಿನ ಮಂಡಿಚಿಪ್ಪು ಜಾರುತ್ತಾ ಅಂತ ಅಲ್ಲಾಡಿಸಿದರು, ಕೊನೆಗೆ ಕಾಲ ಸಂದಿಗೆ ಕೈ ಹಾಕಿ ಒಂದು ನಿಮಿಷ ಸುಮ್ಮನಾದರು. "ಒಂದೇ ಇದೆ. ನಿಮ್ಮ ಬೆರಳು ಕೊಡಿ ಇಲ್ಲಿ." ಬಲತೊಡೆಯ ಸಂದಿಯಲ್ಲಿ, ಚರ್ಮದ ಕೆಳಗೆ, ನೆನೆಸಿದ ಅವರೆಕಾಳಿನಂಥದ್ದು ಬೆರಳಿಗೆ ಸಿಕ್ಕಿ ಜಾರಿತು. ಅದು ಕೆಳಗಿಳಿದು ಚೀಲಕ್ಕೆ ಬರಬೇಕಿದ್ದ ಬೀಜ. ಸಾಮಾನ್ಯವಾಗಿ ಎರಡು ತಿಂಗಳಿಗೆಲ್ಲ ಇಳಿದಿರುತ್ತಂತೆ. ಸಣ್ಣ ತಳಿಗಳಲ್ಲಿ ಹೀಗೆ ಮೇಲೇ ನಿಂತುಬಿಡೋದು ಜಾಸ್ತಿ. ಆರು ತಿಂಗಳ ತನಕ ನೋಡೋಣ, ಇಳಿದರೆ ಒಂದೇ ಗಾಯದಲ್ಲಿ ಮುಗಿಯುತ್ತೆ, ಇಳಿಯದಿದ್ದರೆ ಸಂದಿಯಲ್ಲಿ ಇನ್ನೊಂದು ಕಡೆ ಕೊಯ್ಯಬೇಕು, ಆದರೆ ಬಿಡೋ ಹಾಗಂತೂ ಇಲ್ಲ ಅಂದರು. ಮೈಯ ಬಿಸಿಗೆ ಒಳಗೇ ಉಳಿದ ಬೀಜದಲ್ಲಿ ಮುಂದೆ ಗೆಡ್ಡೆ ಆಗೋ ಸಂಭವ ಹೆಚ್ಚು. ಇದು ವಂಶಪಾರಂಪರ್ಯವಾಗಿ ಬರೋದರಿಂದ ಇಂಥ ನಾಯಿಯಿಂದ ಮರಿ ಮಾಡಿಸಲೂಬಾರದು.

ಮೇಷ್ಟ್ರು ಹೇಳಿದ್ದರ ಬಗ್ಗೆಯೂ ಡಾಕ್ಟ್ರನ್ನ ಕೇಳಿದೆ. "ಅವರು ಹೇಳಿದ್ದು ತಪ್ಪಲ್ಲ, ಅವರ ನಾಯಿಗೆ ಸರಿ" ಅಂದರು. ಅಮೆರಿಕದ ಪ್ರಾಣಿ ಆಸ್ಪತ್ರೆಗಳ ಸಂಘ 2019ರ ಮಾರ್ಗಸೂಚಿಯಲ್ಲಿ, ಬೆಳೆದ ಮೇಲೆ ಸುಮಾರು ಇಪ್ಪತ್ತು ಕಿಲೋ ಒಳಗಿರುವ ಗಂಡು ನಾಯಿಗೆ ಆರು ತಿಂಗಳು ಅಂತಲೂ, ಅದಕ್ಕಿಂತ ದೊಡ್ಡದಕ್ಕೆ ಮೂಳೆ ಬೆಳವಣಿಗೆ ಮುಗಿದ ಮೇಲೆ, ಅಂದರೆ ಒಂಬತ್ತರಿಂದ ಹದಿನೈದು ತಿಂಗಳು ಅಂತಲೂ ಹೇಳಿದೆಯಂತೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನವರು 2020ರಲ್ಲಿ ಮೂವತ್ತೈದು ತಳಿಗಳ ದಾಖಲೆ ತೆಗೆದು ನೋಡಿದಾಗ, ಬೇಗ ಮಾಡಿಸಿದ್ದರಿಂದ ಕೀಲಿನ ತೊಂದರೆ ಹೆಚ್ಚಾಗಿದ್ದು ಬಹುಪಾಲು ದೊಡ್ಡ ತಳಿಗಳಲ್ಲಿ. ಪಾಮ್, ಪಗ್‌ನಂಥ ಸಣ್ಣವಕ್ಕೆ ಆ ಕಾಟ ಕಾಣಲಿಲ್ಲ. ನಮ್ಮ ಸ್ಪಿಟ್ಜ್ ಆ ಪಟ್ಟಿಯಲ್ಲೇ ಇಲ್ಲ, ಗಾತ್ರ ನೋಡಿ ಅಂದಾಜು ಮಾಡಬೇಕು ಅಂತಲೂ ಅವರೇ ಸೇರಿಸಿದರು. ಫೀಸು 300 ತೊಗೊಂಡು "ಆಗಸ್ಟ್ ಕೊನೆಗೆ ಬನ್ನಿ" ಅಂತ ಕಳಿಸಿದರು. ಮೊದಲನೇ ವಾಪಸ್.

ಆಗಸ್ಟ್ ಕೊನೆಗೆ ಎರಡೂ ಇಳಿದಿದ್ದವು. ಡಾಕ್ಟ್ರಿಗಿಂತ ನನಗೇ ಖುಷಿ. ಗೌರಿ ಹಬ್ಬಕ್ಕೆ ಮುಂಚೆ ಮುಗಿಸಿಬಿಡೋಣ ಅಂದೆ, ಹಬ್ಬದ ಸಾಲು ಶುರುವಾದರೆ ನನಗೆ ಉಸಿರಾಡೋಕೆ ಪುರುಸೊತ್ತಿರಲ್ಲ. ಆಗಲಿ, ರಕ್ತ ಪರೀಕ್ಷೆ ಮಾಡೋಣ ಅಂದರು. ಮರಿ ಕುಣೀತಾ ಇದೆ, ತಿಂತಾ ಇದೆ, ಇದೆಲ್ಲ ದುಡ್ಡು ಕೀಳೋ ದಾರಿ ಅಂತ ಮನಸ್ಸಲ್ಲೇ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ. ಸಂಜೆ ರಿಪೋರ್ಟ್ ಬಂತು. ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್‌ಲೆಟ್ 62,000. ಎರಡು ಲಕ್ಷದ ಹತ್ತಿರವಾದರೂ ಇರಬೇಕಿತ್ತಂತೆ. ಟಿಕ್ ಫೀವರ್, ಉಣ್ಣೆ ಕಚ್ಚಿ ಬರೋ ಕಾಯಿಲೆ! ಮಳೆಗಾಲದಲ್ಲಿ ಪಾರ್ಕಿನ ಹುಲ್ಲಿಗೆ ಬಿಟ್ಟಿದ್ದೆ, ಕಿವಿ ಹಿಂದೆ ಎರಡು ಉಣ್ಣೆ ಕಿತ್ತಿದ್ದೂ ನೆನಪಾಯಿತು. ಜ್ವರ, ಸುಸ್ತು ಏನೂ ಇರಲಿಲ್ಲ, ಒಳಗೇ ಕೂತಿತ್ತು. "ಇವತ್ತು ಇವನಿಗೆ ಕತ್ತರಿ ಹಾಕಿದರೆ ರಕ್ತ ನಿಲ್ಲಿಸೋಕೆ ನಾನು ಒದ್ದಾಡಬೇಕು" ಅಂದರು. ಇಪ್ಪತ್ತೆಂಟು ದಿನ ಡಾಕ್ಸಿಸೈಕ್ಲಿನ್. ಬರೀ ಹೊಟ್ಟೆಗೆ ಬೇಡ, ಹಾಲು ಮೊಸರಿನ ಜೊತೆ ಬೇಡ, ಮಾತ್ರೆ ನುಂಗಿಸಿದ ಮೇಲೆ ನೀರು ಕುಡಿಸಲೇಬೇಕು, ಗಂಟಲಲ್ಲಿ ಅಂಟಿಕೊಂಡರೆ ಹುಣ್ಣಾಗುತ್ತೆ. ಎರಡನೇ ವಾಪಸ್.

ಆ ಇಪ್ಪತ್ತೆಂಟು ದಿನದಲ್ಲೇ ಚಿರೋಟಿ ಗಂಡಸಾಗಿದ್ದು. ಅದುವರೆಗೆ ಹೆಣ್ಣುಮರಿ ಥರ ಕೂತು ಉಚ್ಚೆ ಹೊಯ್ಯುತ್ತಿದ್ದವನು ಒಂದು ಬೆಳಿಗ್ಗೆ ಮೆಷಿನ್ ಕಾಲಿಗೆ ಬೆನ್ನು ಕೊಟ್ಟು ನಿಂತು, ಒಂದು ಕಾಲು ಎತ್ತಿ, ಆಯ ತಪ್ಪಿ ಬಿದ್ದು, ಎದ್ದು, ಮತ್ತೆ ಎತ್ತಿದ. ಎಲ್ಲರೂ ನಕ್ಕೆವು. ಮಾರನೇ ವಾರ ನಗು ಬರಲಿಲ್ಲ. ಗೌರಿ ಹಬ್ಬದ ಹಿಂದಿನ ದಿನ, ಖಾಯಂ ಗಿರಾಕಿಯೊಬ್ಬರ ಮೈಸೂರು ಸಿಲ್ಕ್ ಸೀರೆ, ಪಿಕೋ ಮಾಡಿ ಮಡಿಸಿ ಕೆಳಗಿನ ಚಾಪೆ ಮೇಲಿಟ್ಟು ಬಾಗಿಲಿಗೆ ಹೋಗಿಬರೋಷ್ಟರಲ್ಲಿ ಸೆರಗಿನ ಮೇಲೆ ಅಂಗೈ ಅಗಲ ಹಳದಿ. ಗಿಳಿಹಸಿರು ಸೀರೆ. ಕೈಕಾಲು ತಣ್ಣಗಾಯಿತು. ಆಕೆ ದೊಡ್ಡ ಮನಸ್ಸಿನವರು, ಡ್ರೈಕ್ಲೀನಿಂಗ್ ದುಡ್ಡಷ್ಟೇ ತೊಗೊಂಡರು, ಆದರೆ ಆಮೇಲೆ ಅವರ ಬ್ಲೌಸ್ ನನ್ನ ಹತ್ತಿರ ಬಂದಿಲ್ಲ.

ನಾನು ಡಾಕ್ಟ್ರಿಗೆ ಫೋನ್ ಮಾಡಿ ಅತ್ತೇ ಬಿಟ್ಟೆ. ನಾಳೆನೇ ಮಾಡಿಬಿಡಿ ಅಂದೆ. "ಆಪರೇಷನ್ ಮಾಡಿದ ಮಾರನೇ ದಿನವೇ ಕಾಲೆತ್ತೋದು ನಿಲ್ಲುತ್ತೆ ಅಂತ ಯಾರು ಹೇಳಿದ್ದು ನಿಮಗೆ?" ಅಂತ ಕೇಳಿದರು. ಕೆಲವದರಲ್ಲಿ ಕಮ್ಮಿ ಆಗುತ್ತೆ, ಕೆಲವದರಲ್ಲಿ ಅಭ್ಯಾಸವಾಗಿ ಉಳಿದುಬಿಡುತ್ತೆ, ಹೆಣ್ಣು ನಾಯಿ ವಾಸನೆಗೆ ಗೇಟು ಹಾರಿ ಓಡೋದು ಮಾತ್ರ ಚೆನ್ನಾಗಿ ತಗ್ಗುತ್ತೆ, ಬೊಗಳೋದಕ್ಕೂ ಹೆದರಿಕೆಗೂ ಇದು ಮದ್ದಲ್ಲ. ಇಷ್ಟನ್ನೂ ಬಿಡಿಸಿ ಹೇಳಿ, "ಅಲ್ಲಿವರೆಗೂ ಸೀರೆ ಮೇಜಿನ ಮೇಲಿಡಿ" ಅಂದರು. ಸಿಟ್ಟು ಬಂತು. ಮೇಜಿನ ಮೇಲೇ ಇಟ್ಟೆ.

ಸೆಪ್ಟೆಂಬರ್ ಕೊನೆಗೆ ಪ್ಲೇಟ್‌ಲೆಟ್ 2.4 ಲಕ್ಷ. ಅಕ್ಟೋಬರ್ ಮೊದಲ ವಾರ, ಊರೆಲ್ಲ ದಸರಾ ದೀಪ ಕಟ್ಟಿದ್ದಾಗ ಆಪರೇಷನ್. ವಯಸ್ಸು ಏಳು ತಿಂಗಳು ದಾಟಿತ್ತು. ರಾತ್ರಿ ಹನ್ನೊಂದಕ್ಕೆ ಊಟ, ಬೆಳಿಗ್ಗೆ ನೀರು ಮಾತ್ರ, ಸಣ್ಣ ನಾಯಿ ತುಂಬ ಹೊತ್ತು ಹಸಿದಿರಬಾರದು ಅಂತ ಒಂಬತ್ತೂವರೆಗೆ ಮೊದಲನೇ ಸರದಿ ಇವನದೇ. ಗಂಟಲಿಗೆ ನಳಿಗೆ ಹಾಕಿ ಗ್ಯಾಸಿನಲ್ಲಿ ಮಲಗಿಸುತ್ತಾರೆ, ಮುಂಗಾಲಿಗೆ ಡ್ರಿಪ್. ಸ್ಪಿಟ್ಜ್ ಕೂದಲು ಬೋಳಿಸಿದರೆ ಬೆಳೆಯೋಕೆ ತಿಂಗಳುಗಟ್ಟಲೆ ಹಿಡಿಯಬಹುದು ಅಂತ ಬೇಕಾದಷ್ಟೇ ಜಾಗ ಬೋಳಿಸಿದ್ದರು.

ಹನ್ನೆರಡೂವರೆಗೆ ಕೈಗೆ ಕೊಟ್ಟಾಗ ನಾನು ಮೊದಲು ನೋಡಿದ್ದು ಹೊಲಿಗೆ. ಚೀಲಕ್ಕಿಂತ ಸ್ವಲ್ಪ ಮುಂದೆ, ಕಿರುಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ಗೆರೆ. ದಾರ ಹುಡುಕಿದೆ, ಕಾಣಲಿಲ್ಲ. ಕೈಹೆಮ್ಮಿಂಗ್ ಮಾಡುವಾಗ ದಾರ ಮಡಿಕೆಯ ಒಳಗೇ ಓಡುತ್ತಲ್ಲ, ಹಾಗೆ ಚರ್ಮದ ಒಳಪದರದಲ್ಲೇ ಓಡಿಸಿ, ಗಂಟನ್ನೂ ಒಳಗೇ ಮುಚ್ಚಿದ್ದರು. ಎರಡು ಅಂಚೂ ಮೇಲೆ ಕೆಳಗೆ ಆಗದೆ ಸಮ ಕೂತಿದ್ದವು. ಎಳೆದು ಬಿಗಿ ಮಾಡಿದ ಸುಕ್ಕೂ ಇಲ್ಲ. ಕರಗುವ ದಾರ, ಬಿಚ್ಚಿಸುವ ಕೆಲಸವಿಲ್ಲ. ನನ್ನ ಹತ್ತಿರ ಕೆಲಸ ಕಲಿಯೋ ಹುಡುಗಿಗೆ ಕರೆದು ತೋರಿಸಿದೆ.

ಜೊತೆಗೊಂದು ಪುಟ್ಟ ಪ್ಲಾಸ್ಟಿಕ್ ಕವರ್. ಒಳಗೆ ಎರಡು ಕೋರೆಹಲ್ಲು, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡವು. ಹಾಲುಹಲ್ಲು ಬೀಳದೆ ಪಕ್ಕದಲ್ಲೇ ಹೊಸ ಹಲ್ಲು ಬಂದು ಜೋಡಿಯಾಗಿ ನಿಂತಿದ್ದವು. ಸಣ್ಣ ನಾಯಿಗಳಲ್ಲಿ ಇದು ಮಾಮೂಲು, ಬಿಟ್ಟರೆ ಹೊಸ ಹಲ್ಲು ಸೊಟ್ಟಗಾಗುತ್ತೆ, ಹೇಗೂ ಮತ್ತು ಕೊಟ್ಟಿದ್ದೀವಲ್ಲ ಅಂತ ಕಿತ್ತಿದ್ದರು. ಅತ್ತೆ ಆ ಕವರ್ ಇಸಕೊಂಡು, ಎಲ್ಲಿಂದಲೋ ಸಗಣಿ ತಂದು, ಹಲ್ಲನ್ನ ಉಂಡೆಯೊಳಗಿಟ್ಟು ತಾರಸಿ ಮೇಲೆ ಎಸೆದರು. ನನ್ನ ಮಗನಿಗೂ ಹಾಗೇ ಮಾಡಿದ್ದರು.

ಆಮೇಲಿನ ಹತ್ತು ದಿನ ನನ್ನದೇ ಎಡವಟ್ಟು. ಗಾಯ ನೆಕ್ಕದ ಹಾಗೆ ಕೊರಳಿಗೆ ಕೊಟ್ಟ ಪ್ಲಾಸ್ಟಿಕ್ ಆಲಿಕೆ ಹಾಕೋಕೆ ಕರುಳು ಚುರ್ ಅಂತು. ಲೈನಿಂಗ್ ಬಟ್ಟೆಯಲ್ಲಿ ಲಾಡಿ ಇಟ್ಟು, ಬಾಲಕ್ಕೆ ತೂತು ಬಿಟ್ಟು ಚಡ್ಡಿ ಹೊಲಿದೆ. ನೋಡಲು ಚೆಂದವಿತ್ತು. ಎರಡು ದಿನಕ್ಕೆ ಉಚ್ಚೆಯಲ್ಲಿ ನೆನೆದು ಗಾಯ ಕೆಂಪಾಯಿತು. ಡಾಕ್ಟ್ರು ಚಡ್ಡಿ ಬಿಚ್ಚಿಸಿ, "ಇದನ್ನ ಷೋಕೇಸಲ್ಲಿಡಿ" ಅಂತ ಬೈದು ಆಲಿಕೆ ಹಾಕಿಸಿದರು. ಮೂರನೇ ದಿನ ಖಾಲಿ ಚೀಲ ಊದಿಕೊಂಡಿತು. ಅತ್ತೆ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, "ತೆಗೆದೇ ಇಲ್ಲ ಕಣಮ್ಮಿ, ದುಡ್ಡು ಹೋಯ್ತು!" ಅಂತ ಗೆದ್ದವರ ಹಾಗೆ ಕೂಗಿದರು. ಅದು ಬರೀ ಬಾವು, ವಾರದಲ್ಲಿ ಇಳಿಯಿತು. ನೋವಿಗೆ ಕೊಟ್ಟ ಸಿರಪ್ ಬಿಟ್ಟು ಮನೆಯಲ್ಲಿರೋ ಪ್ಯಾರಸಿಟಮಾಲ್, ಐಬುಪ್ರೊಫೆನ್ ಅಪ್ಪಿತಪ್ಪಿಯೂ ಕೊಡಬೇಡಿ, ನಾಯಿಗೆ ವಿಷ ಅಂತ ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದುಕೊಟ್ಟಿದ್ದರು.

ಈಗ ಕಿತ್ತುಕೊಂಡ ಒಂದು ಸ್ಟಾರಿನ ವಿಷಯ. ಆಪರೇಷನ್‌ಗೆ 7,500 ಅಂತ ಹೇಳಿದ್ದರು. ಬಿಲ್ಲಿನಲ್ಲಿ ಹಲ್ಲಿಗೆ ಅಂತ 1,200 ಜಾಸ್ತಿ. ಕಿತ್ತಿದ್ದು ಸರಿ, ಆದರೆ ಬೆಳಿಗ್ಗೆ ಬಿಡುವಾಗಲೇ ಒಂದು ಮಾತು ಹೇಳಬಹುದಿತ್ತು. ಅದಕ್ಕಿಂತ ಬೇಜಾರಾದದ್ದು ಆ ರಾತ್ರಿ. ಗಾಯದಿಂದ ಎರಡು ಹನಿ ರಕ್ತ ಒಸರಿತು, ಹನ್ನೊಂದು ಗಂಟೆಗೆ ಆರು ಸಲ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಬೆಳಿಗ್ಗೆ ಏಳಕ್ಕೆ ಅವರೇ ಮಾಡಿದರು, ಅಷ್ಟು ಒಸರೋದು ಸಹಜ ಅಂದರು, ಸರಿ. ಆದರೆ ರಾತ್ರಿ ಎಲ್ಲಿಗೆ ಹೋಗಬೇಕು ಅಂತ ಒಂದು ನಂಬರ್ ಬರೆದುಕೊಟ್ಟಿದ್ದರೆ ನಾನು ಬೆಳಗಿನ ತನಕ ಅವನ ಪಕ್ಕ ಟಾರ್ಚ್ ಹಿಡಿದು ಕೂರುತ್ತಿರಲಿಲ್ಲ. ಮತ್ತಿನಿಂದ ಏಳುವಾಗ ಇವನನ್ನ ಮಲಗಿಸಿದ್ದ ಪಂಜರದ ಪಕ್ಕದಲ್ಲೇ ಬೆಕ್ಕಿನ ಪಂಜರ, ಅದೂ ಸರಿಯಲ್ಲ.

ಮೂರು ತಿಂಗಳಾಯಿತು. ದಿಂಬನ್ನೇ ಹೆಣ್ಣು ನಾಯಿ ಅಂದುಕೊಂಡು ಮೇಲೆ ಹತ್ತೋದು ನಿಂತಿದೆ. ಗೇಟಿನಾಚೆ ಹೆಣ್ಣು ನಾಯಿ ಬಂದರೆ ಕಿವಿ ನಿಮಿರಿಸಿ ನೋಡಿ ಬಂದು ಮಲಗುತ್ತಾನೆ. ಹಾಲಿನವನಿಗೆ ಬೊಗಳೋದು ಎಳ್ಳಷ್ಟೂ ಕಮ್ಮಿಯಿಲ್ಲ. ಊಟ ಕಾಲುಭಾಗ ಕಮ್ಮಿ ಮಾಡಿ ಅಂದಿದ್ದರು, ನಾನು ಮಾಡಿದೆ, ಅತ್ತೆ ಕದ್ದು ಬಿಸ್ಕತ್ತು ಹಾಕಿ ಅರ್ಧ ಕಿಲೋ ಏರಿಸಿದ್ದಾರೆ. ಮನೆಯಲ್ಲಿ ಬೇರೆಲ್ಲೂ ಕಾಲೆತ್ತಲ್ಲ, ಮೆಷಿನ್‌ನ ಎಡಗಾಲಿಗೆ ಮಾತ್ರ ದಿನಾ ಬೆಳಿಗ್ಗೆ ಒಂದು ಸಲ. ಅದಕ್ಕೊಂದು ಹಳೆ ಟವೆಲ್ ಸುತ್ತಿದ್ದೀನಿ.

ಹೋಗುವವರಿಗೆ: ಟೋಕನ್ ಸಂಜೆ ಐದಕ್ಕೆ, ನಾಲ್ಕೂವರೆಗೇ ಬಾಗಿಲ ಹತ್ತಿರ ಇರಿ. ಭಾನುವಾರ ರಜೆ. ಕಾರು ನಿಲ್ಲಿಸೋಕೆ ಜಾಗವಿಲ್ಲ, ಆಟೋದಲ್ಲಿ ಹೋಗಿ. ಕಾಯೋಕೆ ಒಂದೇ ಬೆಂಚು, ಸೀರೆ ಉಟ್ಟು ಹೋಗುವವರು ನೋಡಿ ಕೂತುಕೊಳ್ಳಿ.