ಆಡಿಯೋ-ಟೆಕ್ನಿಕಾ ವಿಎಂ95ಇ ಕಾರ್ಟ್ರಿಜ್: ಸಾಗರದ ಮಳೆ, ಥಂಡಿ ಎಲ್ಲ ಕಂಡ ಮೇಲೆ

ಸಾಗರದ ಹತ್ತಿರದ ನಮ್ಮ ಹಳ್ಳಿಮನೆಯಲ್ಲಿ ಈ ಕಾರ್ಟ್ರಿಜ್, ಅಂದರೆ ರೆಕಾರ್ಡ್ ಪ್ಲೇಯರಿನ ಸೂಜಿ ಹಿಡಿದಿರುವ ಪುಟ್ಟ ಭಾಗ, ಬಹಳ ಕಾಲದಿಂದ ಹಾಡುತ್ತಿದೆ. ತೆಗೆದುಕೊಳ್ಳಿ ಅಂತಲೇ ಹೇಳುತ್ತೇನೆ. ಆದರೆ ಕೊಟ್ಟ ದುಡ್ಡು ವಸೂಲಾಗುವುದು ಸರಿಯಾಗಿ ಕೂರಿಸಿದರೆ ಮಾತ್ರ.

ಜೋಡಿಸುವುದು ಸಲೀಸು. ತಿರುಪು ನೇರವಾಗಿ ಕಾರ್ಟ್ರಿಜ್ ಮೈಗೇ ಹಿಡಿಯುತ್ತದೆ, ಸಣ್ಣ ನಟ್ಟು ಹಿಡಿದುಕೊಂಡು ಒದ್ದಾಡುವ ಕೆಲಸ ಇಲ್ಲ. ಬಿಳಿ, ನೀಲಿ ತಂತಿ ಎಡಗಡೆಯ ಸದ್ದಿಗೆ, ಕೆಂಪು, ಹಸಿರು ಬಲಗಡೆಯದಕ್ಕೆ. ಕಾರ್ಟ್ರಿಜ್ ಹೊತ್ತ ತೋಳು, ಅಂದರೆ ಟೋನ್‌ಆರ್ಮ್, ಗಾಳಿಯಲ್ಲಿ ತೇಲಿ ನಿಲ್ಲುವ ಹಾಗೆ ಹಿಂದಿನ ಭಾರ ಹೊಂದಿಸಿ, ಆಮೇಲೆ ಸೂಜಿಯ ಮೇಲಿನ ಭಾರವನ್ನು 2 ಗ್ರಾಂಗೆ ತನ್ನಿ. ಕಂಪನಿಯ ಲೆಕ್ಕ 1.8ರಿಂದ 2.2. ಭಾರ ಇನ್ನೂ ಕಮ್ಮಿ ಇಟ್ಟರೆ ರೆಕಾರ್ಡು ಸವೆಯುವುದಿಲ್ಲ ಅನ್ನುವವರಿದ್ದಾರೆ, ನಂಬಬೇಡಿ. ಹಗುರಾದ ಸೂಜಿ ಗೆರೆಯೊಳಗೆ ಕುಪ್ಪಳಿಸಿ ಗೋಡೆಯನ್ನೇ ಕೆರೆಯುತ್ತದೆ.

ನಿಜವಾದ ಕೆಲಸ ಇರುವುದು ಪ್ರೊಟ್ರ್ಯಾಕ್ಟರ್ ಹಾಳೆಯ ಮೇಲೆ, ಅಂದರೆ ಕಾರ್ಟ್ರಿಜ್ ನೇರವಾಗಿದೆಯೇ ಅಂತ ನೋಡಲು ಚುಕ್ಕಿ, ಗೆರೆ ಹಾಕಿದ ಹಾಳೆಯ ಮೇಲೆ. ತಟ್ಟೆ ತಿರುಗುವ ನಡುವಿನಿಂದ 66 ಮಿ.ಮೀ. ಮತ್ತು 120.9 ಮಿ.ಮೀ. ದೂರದ ಎರಡು ಚುಕ್ಕಿಗಳಲ್ಲೂ ಸೂಜಿ ಇಟ್ಟಾಗ ಕಾರ್ಟ್ರಿಜ್ ಹಾಳೆಯ ಗೆರೆಗಳಿಗೆ ಓರೆಯಾಗದೆ ನಿಲ್ಲಬೇಕು. ಒಂದು ಕಡೆ ಸರಿಹೋದರೆ ಇನ್ನೊಂದು ಕಡೆ ಜಾರುತ್ತದೆ, ತಿರುಪು ಸಡಿಲಿಸಿ ಕೂದಲೆಳೆಯಷ್ಟು ಮುಂದೆ ಹಿಂದೆ ತಳ್ಳುತ್ತಾ ಹೋಗಬೇಕು. ಹಿಂದೂಸ್ತಾನಿ ಕೇಳುವವರು ಇದನ್ನು ಸುಮ್ನೆ ಬಿಡುವ ಹಾಗಿಲ್ಲ. ಎಲ್‌ಪಿಯ ಹೊರ ಅಂಚಿನಲ್ಲಿ ಗೆರೆ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಓಡಿದರೆ ಒಳಗೆ ಬರುವಷ್ಟರಲ್ಲಿ 21ರ ಹತ್ತಿರ ಇಳಿದಿರುತ್ತದೆ, ಅಷ್ಟೇ ದನಿಯನ್ನು ಕಮ್ಮಿ ಜಾಗದಲ್ಲಿ ತುಂಬಿರುತ್ತಾರೆ, ಕಾರ್ಟ್ರಿಜ್ ಓರೆಯಾಗಿದ್ದರೆ ಅಲ್ಲೇ ದನಿ ಕಲಸುತ್ತದೆ. ನಮ್ಮ ಖಯಾಲ್ ಗಾಯನದಲ್ಲಿ ವೇಗದ ಲಯದ ದ್ರುತ್, ಸರಸರ ಓಡುವ ಸ್ವರಗಳ ತಾನ್ ಬರುವುದು ಅಲ್ಲೇ ಅಲ್ವಾ? ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿ ಹಾಕಿದರೆ ಮೊದಲರ್ಧ ಹೇಗೆ ಕೂರಿಸಿದರೂ ಚೆನ್ನಾಗಿರುತ್ತದೆ, ಕೊನೆಯ ಒಂದು ಇಂಚಿನಲ್ಲಿ ತಾನ್ ಗಜಿಬಿಜಿಯಾಗದೆ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳಿದರೆ ಕೂರಿಸಿದ್ದು ಸರಿ ಅಂತ ಅರ್ಥ.

ಮಲೆನಾಡಿನ ಕಾಟ ಬೇರೆ. ಆಷಾಢದಲ್ಲಿ ತಂತಿಯ ತುದಿಗೆ ಕಿಲುಬು ಹತ್ತಿ ಎಡಗಡೆ ಸದ್ದು ಹೋಗಿ ಬಂದು ಮಾಡಿತು. ಸೂಜಿ ಕಳಚಿಟ್ಟು, ತಂತಿಗಳನ್ನು ಒಂದೊಂದಾಗಿ ಎಳೆದು, ಪಿನ್ನುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿದ ಮೇಲೆ ಸರಿಹೋಯಿತು. ಬೂಷ್ಟು ಹಿಡಿದ ರೆಕಾರ್ಡು ತೊಳೆಯದೆ ಹಾಕಬೇಡಿ, ಸೂಜಿಯ ತುದಿಗೆ ಹತ್ತಿಯಂಥ ಉಂಡೆ ಕಟ್ಟಿಕೊಳ್ಳುತ್ತದೆ. ಮರದ ಹಲಗೆಯ ಉಪ್ಪರಿಗೆಯಾದರೆ ಯಾರಾದರೂ ನಡೆದಾಡಿದರೂ ಸೂಜಿ ಹಾರುತ್ತದೆ, ಟರ್ನ್‌ಟೇಬಲ್ಲನ್ನು ಗೋಡೆಗೆ ಹೊಡೆದ ಹಲಗೆಯ ಮೇಲಿಡಿ.

ಕೊರತೆ ಅಂದರೆ ಸ, ಶ ಅಕ್ಷರಗಳು ಸ್ವಲ್ಪ ಚೂಪು. ಈ ಸೂಜಿಗೆ ಕಂಪನಿ ಹೇಳುವ ಆಯಸ್ಸೂ ಸುಮಾರು 300 ಗಂಟೆ ಅಷ್ಟೆ. ಸವೆದಾಗ ಇದೇ ಮೈಗೆ ಇನ್ನೂ ಸೂಕ್ಷ್ಮ ತುದಿಯ ಮೈಕ್ರೋಲೀನಿಯರ್ ಸೂಜಿ ಸಿಕ್ಕಿಸಬಹುದು, ಬೆಲೆ ಜಾಸ್ತಿ. ಅಟ್ಟದಲ್ಲಿ ಅಜ್ಜನ ಕಾಲದ, ನಿಮಿಷಕ್ಕೆ 78 ಸುತ್ತಿನ ತಟ್ಟೆಗಳಿದ್ದರೆ ವಿಎಂ95ಇಯ ಈ ಹಸಿರು ಸೂಜಿ ಹಾಕಬೇಡಿ, ಅವುಗಳ ಗೆರೆ ಅಗಲ. ಅದಕ್ಕೆ ಎಸ್‌ಪಿ ಅನ್ನುವ ಬೇರೆ ಸೂಜಿ ಸಿಗುತ್ತದೆ, ಅದನ್ನು ಹಾಕಿದಾಗ ಭಾರ ಹೊಸದಾಗಿ ಹೊಂದಿಸಿಕೊಳ್ಳಿ.